ಬಿಳಿ ಚುಕ್ಕೆ ಮಾಯವಾಗಿ ಮತ್ತೆ ಬಂದದ್ದೇಕೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಕೇಶ್ವಾಪುರ. ಏಪ್ರಿಲ್‌ನಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಮಾಡಿಸಿದೆವು. ಒಂದು ವಾರ ಫಿಲ್ಟರ್ ಓಡಿಸಿ, ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದ ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್ ಬಿಟ್ಟೆವು. ಎಂಟನೆಯ ದಿನ ಟ್ಯಾಂಗ್ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಅಂಗಡಿಯವರು ಕೊಟ್ಟ ನೀಲಿ ಔಷಧ ಹಾಕಿದ ನಾಲ್ಕೇ ದಿನಕ್ಕೆ ಹೋದವು. ವಾರದೊಳಗೆ ಎರಡರಷ್ಟಾಗಿ ಮರಳಿದವು. ಮತ್ತೆ ಔಷಧ ಹಾಕಿದರೂ ಮೊನ್ನೆ, ಮೂರು ವಾರ ತುಂಬುವ ಹೊತ್ತಿಗೆ, ಟ್ಯಾಂಗ್ ಸತ್ತಿತು. ಈಗ ಕ್ಲೌನ್ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿವೆ. ಬಿಸಿಲಿಗೆ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಆರುತ್ತದೆ. ಅಷ್ಟೇ ಉಪ್ಪುನೀರು ಮಾಡಿ ತುಂಬುತ್ತೇವೆ. ಉಪ್ಪು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಈ ಮೀನುಗಳು ಬದುಕುವುದೇ ಇಲ್ಲವೇ? ಕಾರವಾರದಿಂದ ನೀರು ತಂದರೆ ಆದೀತೇ? ಮಗಳಿಗೆ ಮ್ಯಾಂಡರಿನ್ ಮೀನು ಬೇಕಂತೆ, ತರಬಹುದೇ?

ಉತ್ತರ: ಇಂದು ರಾತ್ರಿಯೇ ಆಗಬೇಕಾದ ಕೆಲಸವನ್ನು ಮೊದಲು ಹೇಳುತ್ತೇನೆ, ಕಾರಣಗಳು ಆಮೇಲೆ. ಕ್ಲೌನ್ ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಎಂದರೆ ಅದರ ಕಿವಿರುಗಳು ಸೋಲುತ್ತಿವೆ ಎಂದರ್ಥ. ತೊಟ್ಟಿಯ ಮೂರನೆಯ ಒಂದು ಭಾಗ ನೀರನ್ನು ಬದಲಾಯಿಸಿ. ಕಲ್ಲು, ಮರಳಿನ ಜಾಗ ಕಳೆದರೆ ನಿಮ್ಮ ತೊಟ್ಟಿಯಲ್ಲಿ ಸುಮಾರು 170 ಲೀಟರ್ ನೀರಿರುತ್ತದೆ. ಆದ್ದರಿಂದ 57 ಲೀಟರ್ ಹೊಸ ನೀರು ಬೇಕು; ಅದಕ್ಕೆ ಎರಡು ಕಿಲೋಗಿಂತ ತುಸು ಹೆಚ್ಚು ಅಕ್ವೇರಿಯಂ ಉಪ್ಪಿನ ಮಿಶ್ರಣ. ಸಾಮಾನ್ಯವಾಗಿ ಹೊಸ ಉಪ್ಪುನೀರನ್ನು ಒಂದು ದಿನವಿಡೀ ಮೋಟಾರಿನಿಂದ ಕಲಕಿಯೇ ಬಳಸಬೇಕು. ಇವತ್ತಿನದು ತುರ್ತು, ಮೂರು ನಾಲ್ಕು ಗಂಟೆ ಜೋರಾಗಿ ಕಲಕಿ, ನೀರು ತಿಳಿಯಾಗಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿದ್ದರೆ ಸಾಕು. ಏರ್ ಪಂಪ್ ಇದ್ದರೆ ಹಚ್ಚಿ. ಫಿಲ್ಟರಿನಲ್ಲಿ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಡಿ, ನೀಲಿ ಬಣ್ಣವನ್ನು ಅದು ಹೀರಿಕೊಳ್ಳುತ್ತದೆ. ಎರಡು ದಿನ ಆಹಾರ ಬೇಡ. ನಾಳೆ ಬೆಳಿಗ್ಗೆ ಎರಡು ವಸ್ತು ತರಿಸಿ: ಅಮೋನಿಯಾ ಟೆಸ್ಟ್ ಕಿಟ್ ಮತ್ತು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್. ಟ್ಯಾಂಗ್‌ಗೆ ಕೊಟ್ಟ ಬೆಲೆಯಲ್ಲಿ ಇವೆರಡೂ ಬಂದು ಹಣ ಉಳಿಯುತ್ತಿತ್ತು ಎಂದು ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ, ಆದರೂ ಹೇಳಲೇಬೇಕಾಗಿದೆ.

ಈಗ ಚುಕ್ಕೆಯ ವಿಷಯ. ನಿಮ್ಮ ನೀಲಿ ಔಷಧ ಬಹುಮಟ್ಟಿಗೆ ಮಿಥಿಲೀನ್ ಬ್ಲೂ ಇರಬೇಕು. ನಾಲ್ಕು ದಿನದಲ್ಲಿ ಚುಕ್ಕೆ ಹೋದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಔಷಧ ಹಾಕದೇ ಇದ್ದರೂ ಹೋಗುತ್ತಿದ್ದವು. ಆ ರೋಗ ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಅದು ಮೀನಿನ ಚರ್ಮದ ಮೇಲಿರುವುದಿಲ್ಲ, ಚರ್ಮದ ಹೊರಪದರದ ಒಳಗೆ ಹೊಕ್ಕು ಕೂತು ಅಲ್ಲಿನ ಜೀವಕೋಶಗಳನ್ನು ತಿನ್ನುತ್ತದೆ. ನಿಮಗೆ ಕಂಡ ಬಿಳಿ ಹರಳು ಎಂದರೆ ಊದಿಕೊಂಡ ಆ ಜೀವಿ ಮತ್ತು ಅದರ ಸುತ್ತ ಮೀನಿನ ಮೈ ಕಟ್ಟಿದ ಲೋಳೆ. ಹೀಗೆ ಮೂರರಿಂದ ಏಳು ದಿನ ಉಂಡು, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಕಳಚಿ ಕೆಳಗಿಳಿಯುತ್ತದೆ. ನೋಡುವವರಿಗೆ ಮೀನು ಗುಣವಾದಂತೆ ಕಾಣುತ್ತದೆ. ಅತ್ತ ಅದು ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಂಡು ಒಳಗೇ ಒಡೆಯುತ್ತಾ ಹೋಗುತ್ತದೆ. ಒಂದು ಕವಚದಿಂದ ನೂರಾರು ಮರಿಗಳು ಹೊರಬರುತ್ತವೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಸಿಗದಿದ್ದರೆ ಸಾಯುತ್ತವೆ. ಸಮುದ್ರದಲ್ಲಿ ಬಹುಪಾಲು ಮರಿಗಳಿಗೆ ಮೀನು ಸಿಗುವುದೇ ಇಲ್ಲ. 170 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಸಿಗದೆ ಎಲ್ಲಿಗೆ ಹೋದೀತು? ಎರಡನೆಯ ಸಲ ಚುಕ್ಕೆ ಹೆಚ್ಚಾಗಿ ಬಂದದ್ದು ಹೀಗೆ.

ಮೀನಿನ ಮೈಯೊಳಗಿದ್ದಾಗಲೂ ಕವಚದೊಳಗಿದ್ದಾಗಲೂ ಯಾವ ಔಷಧವೂ ಅದಕ್ಕೆ ತಾಗುವುದಿಲ್ಲ. ತಾಗುವುದು ನೀರಿನಲ್ಲಿ ಈಜುವ ಆ ಒಂದೆರಡು ದಿನ ಮಾತ್ರ. ಅದಕ್ಕೇ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಮತ್ತೊಂದು ಮಾತು: ಹಿಟ್ಟು ಉದುರಿಸಿದಂಥ ನಯವಾದ, ತುಸು ಹಳದಿ ಹೊಳಪಿನ ಧೂಳು ಮೈಮೇಲೆ ಕಂಡು ಮೀನು ಎರಡು ಮೂರು ದಿನದಲ್ಲಿ ಸತ್ತಿದ್ದರೆ ಅದು ವೆಲ್ವೆಟ್ ಎಂಬ ಬೇರೆಯೇ ರೋಗ, ಇದಕ್ಕಿಂತ ಘೋರ. ನಿಮ್ಮ ಟ್ಯಾಂಗ್ ಎಣಿಸಬಹುದಾದ ಬಿಡಿ ಚುಕ್ಕೆ ಹೊತ್ತು ಸುಮಾರು ಎರಡು ವಾರ ತಡೆದದ್ದರಿಂದ ಇದು ಬಿಳಿಚುಕ್ಕೆ ರೋಗವೇ ಎಂದು ಧೈರ್ಯವಾಗಿ ಹೇಳುತ್ತಿದ್ದೇನೆ. ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಸುಲಿಯುತ್ತಿದ್ದರೆ ಮಾತ್ರ ತಡಮಾಡದೆ ಮತ್ತೆ ಬರೆಯಿರಿ. ಅದು ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ರೋಗ, ಅದರ ಚಿಕಿತ್ಸೆ ಬೇರೆ.

ನೀಲಿ ಔಷಧ ರೋಗಾಣುವನ್ನು ಕೊಲ್ಲಲಿಲ್ಲ, ಕೊಲ್ಲಬಾರದ್ದನ್ನು ಕೊಂದಿರುವ ಸಾಧ್ಯತೆ ದೊಡ್ಡದು. ಮೀನಿನ ಕಿವಿರಿನಿಂದ, ಮಲದಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಕಲ್ಲು, ಮರಳು, ಸ್ಪಂಜಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದೂ ಅಮೋನಿಯಾದ ಮೂಲವೊಂದು ನೀರಿನಲ್ಲಿದ್ದರೆ. ಬರೀ ನೀರಿನಲ್ಲಿ ಒಂದು ವಾರ ಫಿಲ್ಟರ್ ಓಡಿಸುವುದರಿಂದ ಆಗುವ ಲಾಭವೆಂದರೆ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುವುದು. ಅಲ್ಪಸ್ವಲ್ಪ ಹುಟ್ಟಿಕೊಂಡಿದ್ದ ಬ್ಯಾಕ್ಟೀರಿಯಾಗಳ ಮೇಲೂ ಮಿಥಿಲೀನ್ ಬ್ಲೂ ಎರಡು ಸಲ ಬಿತ್ತು. ಮೇಲಾಗಿ ಸಮುದ್ರದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 8.2. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಹತ್ತಿರ ಹತ್ತಿರ ಹತ್ತುಪಟ್ಟು ಏರುತ್ತದೆ. ಸಿಹಿನೀರಿನ ಗೋಲ್ಡ್ ಫಿಶ್ ಹೇಗೋ ಸಹಿಸಿಕೊಳ್ಳುವಷ್ಟು ಅಮೋನಿಯಾ ಇಲ್ಲಿ ಕಿವಿರನ್ನು ಸುಡುತ್ತದೆ. ಕಿಟ್ ಬಂದ ಮೇಲೆ ದಿನವೂ ಪರೀಕ್ಷಿಸಿ. ಸೊನ್ನೆಯಲ್ಲದೆ ಬೇರೆ ಯಾವ ಬಣ್ಣ ಕಂಡರೂ ಮತ್ತಷ್ಟು ನೀರು ಬದಲಾಯಿಸಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಚುಕ್ಕೆಯಲ್ಲ, "ಅಷ್ಟೇ ಉಪ್ಪುನೀರು ಮಾಡಿ ತುಂಬುತ್ತೇವೆ" ಎಂಬ ಮಾತು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಒಲೆಯ ಮೇಲೆ ಬತ್ತಿದ ಸಾರಿಗೆ ನೀರು ಬೆರೆಸುವ ಬದಲು ಇನ್ನಷ್ಟು ಉಪ್ಪು ಹಾಕಿದಂತೆ ಇದು. ಲೆಕ್ಕ ಹಾಕೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ದಿನಕ್ಕೆ ಎರಡು ಲೀಟರ್ ಎಂದರೆ 70 ಗ್ರಾಂ. ಮೂರು ವಾರಕ್ಕೆ ಒಂದೂವರೆ ಕಿಲೋ ಹತ್ತಿರ ಹೆಚ್ಚುವರಿ ಉಪ್ಪು. 170 ಲೀಟರಿಗೆ ಹಂಚಿದರೆ ಲೀಟರಿಗೆ ಎಂಟೂವರೆ ಗ್ರಾಂ. ಅಂದರೆ ನೀವು ಸರಿಯಾಗಿ 35ರಿಂದ ಆರಂಭಿಸಿದ್ದರೆ ಇವತ್ತು 43–44ರಲ್ಲಿ ಇದ್ದೀರಿ. ಕೆಂಪು ಸಮುದ್ರದ ನೀರು 40ರ ಆಸುಪಾಸಿನದು. ನಿಮ್ಮ ತೊಟ್ಟಿ ಅದಕ್ಕಿಂತ ಉಪ್ಪಾಗಿದೆ.

ಉಪ್ಪು ಹೆಚ್ಚಾದರೆ ಮೀನಿಗೇನು ಎಂದು ಕೇಳಬಹುದು, ಅದು ಸಮುದ್ರದ ಮೀನೇ ಅಲ್ಲವೇ. ಸಮುದ್ರದ ಮೀನಿನ ರಕ್ತ ಸಮುದ್ರದಷ್ಟು ಉಪ್ಪಾಗಿರುವುದಿಲ್ಲ, ಸರಿಸುಮಾರು ಅದರ ಮೂರನೆಯ ಒಂದು ಭಾಗ. ಸುತ್ತಲಿನ ಉಪ್ಪುನೀರು ಕಿವಿರಿನ ಮೂಲಕ ಅದರ ಮೈಯ ನೀರನ್ನು ಸದಾ ಹೊರಗೆಳೆಯುತ್ತಿರುತ್ತದೆ. ಅದಕ್ಕಾಗಿ ಅದು ಇಡೀ ದಿನ ಸಮುದ್ರದ ನೀರು ಕುಡಿಯುತ್ತದೆ, ಒಳಹೋದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದಬ್ಬುತ್ತದೆ. ನೀರಿನಲ್ಲೇ ಇದ್ದೂ ಬಾಯಾರಿದ ಪ್ರಾಣಿ ಅದು. 44ರ ನೀರಿನಲ್ಲಿ ಈ ದುಡಿಮೆ ಇನ್ನಷ್ಟು ಹೆಚ್ಚುತ್ತದೆ. ರೋಗದೊಂದಿಗೆ ಹೋರಾಡಲು ಬೇಕಾದ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. "ನಾಜೂಕು ಮೀನು" ಎಂದು ಅಂಗಡಿಯಲ್ಲಿ ಹೇಳುತ್ತಾರಲ್ಲ, ಅವುಗಳಲ್ಲಿ ಬಹುಪಾಲು ನಾಜೂಕಿನಿಂದ ಸಾಯುವುದಿಲ್ಲ. ಅಳೆಯದೆ ಸುರಿದ ಉಪ್ಪು, ಅಳೆಯದೆ ಸುರಿದ ಔಷಧಗಳಿಂದ ಸಾಯುತ್ತವೆ.

ಇನ್ನು ಮುಂದೆ ಹೀಗೆ ಮಾಡಿ. ತೊಟ್ಟಿಯ ಹೊರಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಬಣ್ಣದ ಟೇಪಿನ ಒಂದು ತುಂಡು ಅಂಟಿಸಿ. ನಿಮ್ಮ ಅಳತೆಯ ತೊಟ್ಟಿಯಲ್ಲಿ ಮಟ್ಟ ಅರ್ಧ ಸೆಂಟಿಮೀಟರ್ ಇಳಿದರೆ ಎರಡು ಲೀಟರ್ ಹೋಗಿದೆ ಎಂದರ್ಥ. ಬೆಳಿಗ್ಗೆ ಸಂಜೆ ಆ ಗೆರೆಯವರೆಗೆ ಉಪ್ಪಿಲ್ಲದ ಆರ್‌ಒ ನೀರನ್ನು ನಿಧಾನವಾಗಿ ತುಂಬಿ. ಉಪ್ಪುನೀರು ಬೇಕಾಗುವುದು ನೀರು ಬದಲಾಯಿಸುವಾಗ ಮಾತ್ರ. ಗದಗ ಕಡೆಯ ಒಣಗಾಳಿಯಲ್ಲಿ ತೊಟ್ಟಿ ಇಟ್ಟವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಊರಿಗೆ ಹೋಗಿ ಒಂದು ವಾರ ನೀರು ತುಂಬದೆ ಬಿಟ್ಟರೂ 35 ಇದ್ದದ್ದು 38 ದಾಟುತ್ತದೆ. ರಿಫ್ರ್ಯಾಕ್ಟೋಮೀಟರನ್ನು ಬರೀ ಸಿಹಿನೀರಿನಿಂದ ಸೊನ್ನೆಗೆ ಹೊಂದಿಸಿ ನಂಬಬೇಡಿ. 35ರ ಮಾಪನ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, ಅದರಿಂದಲೇ ಹೊಂದಿಸಿ. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಅದರ ಮಾತೂ ಅಷ್ಟೇ ಅಗ್ಗ.

ಏರಿದ ಉಪ್ಪನ್ನು ಒಂದೇ ಏಟಿಗೆ ಇಳಿಸಬಾರದು. ಇಂದು ರಾತ್ರಿ ಮೂರನೆಯ ಒಂದು ಭಾಗ ನೀರನ್ನು 35ರ ನೀರಿನಿಂದ ಬದಲಾಯಿಸಿದರೆ 44 ಇದ್ದದ್ದು 41ಕ್ಕೆ ಬರುತ್ತದೆ, ಅಮೋನಿಯಾವೂ ಅಷ್ಟೇ ಪಾಲು ಇಳಿಯುತ್ತದೆ. ಉಳಿದದ್ದನ್ನು ದಿನಕ್ಕೆ ಎರಡರಂತೆ ಇಳಿಸೋಣ. ಅದನ್ನು ಚಿಕಿತ್ಸೆಯ ಜೊತೆಗೇ ಮಾಡಬಹುದು.

ಚಿಕಿತ್ಸೆಗೆ ದಾರಿಗಳು ಮೂರು. ಮೊದಲನೆಯದು ತಾಮ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರದ ಮಟ್ಟವನ್ನು ವಾರಗಟ್ಟಲೆ ಕಾಯ್ದುಕೊಳ್ಳಬೇಕು. ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ದಿನವೂ ತಾಮ್ರ ಅಳೆಯುವ ಒಳ್ಳೆಯ ಕಿಟ್ ಇಲ್ಲದೆ ಈ ದಾರಿ ಹಿಡಿಯಬಾರದು. ಮುಖ್ಯ ತೊಟ್ಟಿಗಂತೂ ತಾಮ್ರ ಹಾಕಲೇಬಾರದು. ಸುಣ್ಣದ ಅಂಶದ ಕಲ್ಲು ಮರಳು ಅದನ್ನು ಹೀರಿಕೊಂಡು ಮುಂದೆಂದೋ ಬಿಡುತ್ತವೆ, ಆಮೇಲೆ ಸಿಗಡಿ, ಶಂಖದ ಹುಳು ಯಾವುದನ್ನೂ ಅಲ್ಲಿ ಇಡುವಂತಿಲ್ಲ. ಎರಡನೆಯದು ಉಪ್ಪಿನಂಶವನ್ನು ಸಮುದ್ರದ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಇಳಿಸಿ ನಾಲ್ಕು ವಾರ ಇಡುವುದು. ಅದಕ್ಕೂ ನಿಖರ ಅಳತೆ ಬೇಕು. ನಿಮಗೆ ಮೂರನೆಯದನ್ನು ಹೇಳುತ್ತೇನೆ: ಔಷಧವೇ ಬೇಡ, ರೋಗಾಣುವಿನ ಗಡಿಯಾರಕ್ಕಿಂತ ಒಂದು ಹೆಜ್ಜೆ ಮುಂದೆ ಇರುವುದು.

ಎರಡು ಪ್ಲಾಸ್ಟಿಕ್ ಟಬ್ ತನ್ನಿ. ತಲಾ 30 ಲೀಟರ್ ನೀರು ಹಿಡಿಯಬೇಕು, ಸಾಬೂನು ಕಂಡಿರಬಾರದು. ಎರಡಕ್ಕೂ ಗಾಳಿಯ ಗುಳ್ಳೆ ಬಿಡುವ ಪ್ರತ್ಯೇಕ ಏರ್ ಸ್ಟೋನ್, ಪ್ರತ್ಯೇಕ ಕೊಳವೆ, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು. ಮರಳು ಕಲ್ಲು ಏನೂ ಬೇಡ. ಮೀನುಗಳನ್ನು ಬಲೆಯಲ್ಲಿ ಹಿಡಿಯದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು, ಹಳೆಯ ನೀರು ಆದಷ್ಟು ಕಡಿಮೆ ಬರುವಂತೆ ಮೊದಲ ಟಬ್ಬಿಗೆ ಬಿಡಿ. ಬಲೆಯ ದಾರ ಮೈಯ ಲೋಳೆಯನ್ನು ಕಿತ್ತುಹಾಕುತ್ತದೆ, ರೋಗ ತಡೆಯುವ ಮೊದಲ ಗೋಡೆಯೇ ಆ ಲೋಳೆ. ಸರಿಯಾಗಿ 72 ಗಂಟೆ ತುಂಬುವುದರೊಳಗೆ ಹೊಸ ಉಪ್ಪುನೀರು ತುಂಬಿದ ಎರಡನೆಯ ಟಬ್ಬಿಗೆ ವರ್ಗಾಯಿಸಿ. ಕಳಚಿಬಿದ್ದ ರೋಗಾಣುಗಳು ಹಳೆಯ ಟಬ್ಬಿನ ತಳದಲ್ಲಿ ಕವಚ ಕಟ್ಟಿಕೊಂಡು ಉಳಿಯುತ್ತವೆ. ಅವು ಒಡೆದು ಮರಿ ಹೊರಬರಲು ಕನಿಷ್ಠ ಮೂರು ದಿನ ಬೇಕು, ಅಷ್ಟರೊಳಗೆ ನಿಮ್ಮ ಮೀನು ಅಲ್ಲಿರುವುದಿಲ್ಲ. ಖಾಲಿಯಾದ ಟಬ್, ಕೊಳವೆ, ಪೈಪಿನ ತುಂಡುಗಳನ್ನು ತಿಕ್ಕಿ ತೊಳೆದು ಮಾಳಿಗೆಯ ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿ. ಒಣಗುವುದನ್ನು ಆ ಜೀವಿ ತಡೆಯಲಾರದು. ಮೇ ತಿಂಗಳ ಹುಬ್ಬಳ್ಳಿಯ ಬಿಸಿಲು ಈ ಒಂದು ಕೆಲಸಕ್ಕೆ ನಿಮ್ಮ ಪಕ್ಷದಲ್ಲಿದೆ. ಮೂರನೆಯ, ಆರನೆಯ, ಒಂಬತ್ತನೆಯ ದಿನ ಹೀಗೆ ಟಬ್ ಬದಲಾಯಿಸಿ. ಹನ್ನೆರಡನೆಯ ದಿನ ಮೀನನ್ನು ಶುದ್ಧವಾದ ಸಣ್ಣ ತೊಟ್ಟಿಗೆ ಬಿಡಿ. ಒಂದು ಸಲ ತಡವಾದರೂ ಲೆಕ್ಕ ಮೊದಲಿನಿಂದ.

ಮೊದಲ ಟಬ್ಬಿನ ನೀರು 41 ಇರಲಿ, ತೊಟ್ಟಿಯಷ್ಟೇ. ದಿನಕ್ಕೊಮ್ಮೆ ಒಂದೂವರೆ ಲೀಟರ್ ತೆಗೆದು ಅಷ್ಟೇ ಆರ್‌ಒ ನೀರನ್ನು ಹನಿಹನಿಯಾಗಿ ಸೇರಿಸಿ. ಮೂರು ಸಲಕ್ಕೆ 35 ಆಗುತ್ತದೆ. ಎರಡನೆಯ ಟಬ್ಬಿನಿಂದ ಮುಂದಕ್ಕೆ ನೇರವಾಗಿ 35. ಎರಡೂ ನೀರಿನ ಉಷ್ಣತೆ ಒಂದೇ ಇರಬೇಕು. ಟಬ್ಬಿನ ಮೇಲೆ ಜಾಲರಿ ಕಟ್ಟಿ, ಹೆದರಿದ ಮೀನು ಹಾರುತ್ತದೆ. ಮೊದಲ ಎರಡು ದಿನದ ಉಪವಾಸ ಮುಗಿದ ಮೇಲೆ ಆಹಾರ ಚಿಟಿಕೆಯಷ್ಟು, ಉಳಿದದ್ದನ್ನು ಹತ್ತು ನಿಮಿಷದಲ್ಲಿ ತೆಗೆಯಿರಿ. ಹನ್ನೆರಡನೆಯ ದಿನದ ಸಣ್ಣ ತೊಟ್ಟಿಯನ್ನು ಇಂದೇ ಸಿದ್ಧ ಮಾಡಲು ಶುರು ಮಾಡಿ: 60 ಲೀಟರ್, ಹೊಸ ಸ್ಪಂಜ್ ಫಿಲ್ಟರ್, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ, ಅದರ ಆಹಾರಕ್ಕೆ ಚಿಟಿಕೆ ಮೀನಿನ ಕಾಳು. ಹಳೆಯ ತೊಟ್ಟಿಯ ಸ್ಪಂಜನ್ನು ಹಿಂಡಿ ತರುವ ಆಸೆಯಾಗುತ್ತದೆ. ತರಬೇಡಿ, ಅದರಲ್ಲಿ ಕವಚಗಳಿವೆ.

ಮುಖ್ಯ ತೊಟ್ಟಿಯಲ್ಲಿ ಒಂದು ಮೀನೂ ಇರದಂತೆ 76 ದಿನ ಬಿಡಬೇಕು. ಬಹುಪಾಲು ಕವಚಗಳು ಮೂರು ನಾಲ್ಕು ವಾರದಲ್ಲಿ ಒಡೆದುಬಿಡುತ್ತವೆ, ಆದರೆ 72 ದಿನದವರೆಗೂ ಕಾದು ಒಡೆದ ಕವಚಗಳು ಪ್ರಯೋಗಾಲಯದಲ್ಲಿ ಕಂಡಿವೆ. 76 ಎಂಬ ಅಂಕೆ ಬಂದದ್ದು ಅಲ್ಲಿಂದ. ಈ ಅವಧಿಯಲ್ಲಿ ಖಾಲಿ ತೊಟ್ಟಿಯ ಉಪ್ಪಿನಂಶವನ್ನೂ 35ಕ್ಕೆ ತಂದು, ಮೋಟಾರು ಓಡಿಸುತ್ತಾ, ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕುತ್ತಿರಿ. ಮೊದಲು ಮಾಡಬೇಕಿದ್ದ ಆರು ವಾರದ ಕಾಯುವಿಕೆ ಇದರಲ್ಲೇ ಮುಗಿದುಹೋಗುತ್ತದೆ. ತೊಟ್ಟಿಯಲ್ಲಿ ಅದ್ದಿದ ಕೈಯನ್ನು ತೊಳೆದು ಒರೆಸಿಕೊಳ್ಳದೆ ಟಬ್ಬಿಗೆ ಹಾಕಬಾರದು ಎಂಬುದನ್ನು ಮನೆಯವರೆಲ್ಲರಿಗೂ ಹೇಳಿ, ಮುಖ್ಯವಾಗಿ ಮಗಳಿಗೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟರೆ ಚುಕ್ಕೆ ಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ವಾಸನೆಗೆ ಮೀನು ತಿನ್ನಲು ಬರಬಹುದು, ರೋಗ ಹೋಗುವುದಿಲ್ಲ.

ಸಮುದ್ರ ದೂರ ಎಂಬ ನಿಮ್ಮ ಕೊರಗಿಗೆ ಬರುತ್ತೇನೆ. ಕಾರವಾರ ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರ್. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಡಬ್ಬ ತುಂಬಿಕೊಂಡು ಬರುವವರನ್ನು ಬಲ್ಲೆ. ನಾನು ಒಪ್ಪುವುದಿಲ್ಲ. ದಡದ ನೀರಿನಲ್ಲಿ ಬಂದರಿನ ಎಣ್ಣೆ, ಊರಿನ ಚರಂಡಿ ಎರಡೂ ಇರುತ್ತವೆ. ಅದರೊಂದಿಗೆ ಬರುವ ಸೂಕ್ಷ್ಮಜೀವಿಗಳು ಮುಚ್ಚಿದ ಡಬ್ಬದೊಳಗೆ ಸತ್ತು ಕೊಳೆಯಲು ಶುರುವಾಗುತ್ತವೆ. ಮಳೆಗಾಲದಲ್ಲಂತೂ ಕಾಳಿ, ಗಂಗಾವಳಿ, ಅಘನಾಶಿನಿ ತುಂಬಿ ಹರಿದು ದಡದ ನೀರು ಎಷ್ಟು ಸಪ್ಪೆಯಾಗಿರುತ್ತದೆ ಎಂದು ಅಳೆಯದೆ ಹೇಳಲಾಗದು. ಮಿಶ್ರಣದ ಉಪ್ಪಿನ ಚೀಲ ಡೀಸೆಲ್‌ಗಿಂತ ಅಗ್ಗ, ಪ್ರತಿ ಸಲವೂ ಒಂದೇ ಗುಣ. ಅಡುಗೆ ಉಪ್ಪು, ಕಲ್ಲುಪ್ಪು ಅದರ ಬದಲಿಯಲ್ಲ. ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಅವುಗಳಲ್ಲಿ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ.

ಉಪ್ಪು ಬೆರೆಸುವ ನೀರು ಮಾತ್ರ ಇಲ್ಲಿಯದೇ ಆಗಬೇಕಲ್ಲ. ನಳದಲ್ಲಿ ಬರುವ ಮಲಪ್ರಭೆಯ ನೀರು ಕುಡಿಯಲು ಚೆನ್ನಾಗಿದೆ, ಆದರೆ ಅದರಲ್ಲಿ ಕ್ಲೋರಿನ್ ಇದೆ. ಕೊಳವೆಬಾವಿಯ ನೀರಂತೂ ಬೇಡವೇ ಬೇಡ. ಗದಗ, ಮುಂಡರಗಿ ಕಡೆಯವರಿಗೆ ಅದರ ಗಡಸುತನ, ಫ್ಲೋರೈಡ್ ಎರಡೂ ಗೊತ್ತು. ಮನೆಯ ಆರ್‌ಒ ಯಂತ್ರದ ನೀರನ್ನೇ ಬಳಸಬಹುದು, ಒಂದು ಎಚ್ಚರದೊಂದಿಗೆ. ರುಚಿಗಾಗಿ ಶುದ್ಧ ನೀರಿಗೆ ಸ್ವಲ್ಪ ಶುದ್ಧೀಕರಿಸದ ನೀರನ್ನು ಬೆರೆಸುವ ಒಂದು ಕವಾಟ ಬಹಳಷ್ಟು ಯಂತ್ರಗಳಲ್ಲಿರುತ್ತದೆ. ಅದಕ್ಕೇ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 50, 60 ತೋರಿಸುತ್ತದೆ. ರಿಪೇರಿಯವರನ್ನು ಕರೆಸಿ ಆ ಬೆರಕೆಗಿಂತ ಮುಂಚೆಯೇ ಒಂದು ಕೊಳವೆ ತೆಗೆಸಿಕೊಳ್ಳಿ, ಅದರ ಮುಂದೆ ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದ ಒಂದು ಸಣ್ಣ ಡಬ್ಬಿ ಕೂರಿಸಿದರೆ ಮೀಟರ್ ಸೊನ್ನೆಗೆ ಬರುತ್ತದೆ. ವ್ಯರ್ಥವಾಗಿ ಹೋಗುವ ನೀರನ್ನು ಬಕೆಟ್ಟಿಗೆ ಹಿಡಿದರೆ ನೆಲ ಒರೆಸಲು ಆಗುತ್ತದೆ. ನಾಲ್ಕಾರು ದಿನಕ್ಕೊಮ್ಮೆ ನಳ ಬರುವ ಓಣಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಬಿಸಿಲಿನ ವಿಷಯದಲ್ಲಿ ನಮ್ಮ ಊರಿಗೆ ಒಂದು ಅನುಕೂಲವಿದೆ. ಈ ಮೀನುಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ, 30 ದಾಟಿದರೆ ಅಪಾಯ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ ಆವಿಯಾಗುವಿಕೆಯಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರಿನಲ್ಲಿ ಅದೇ ಫ್ಯಾನ್ ಸೋಲುತ್ತದೆ. ಜೂನ್ ಕಳೆದು ನಮ್ಮಲ್ಲೂ ತೇವ ಬರುವ ಹೊತ್ತಿಗೆ ಸೆಕೆಯೇ ಇರುವುದಿಲ್ಲ. ಫ್ಯಾನ್ ಹಚ್ಚಿದ ದಿನ ನೀರು ಇನ್ನೂ ಬೇಗ ಆರುತ್ತದೆ, ಟೇಪಿನ ಗೆರೆ ನೋಡುತ್ತಿರಿ. ಧಾರವಾಡದ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕು. ಕರೆಂಟು ಹೋದರೆ ಮೊದಲು ಕಾಡುವುದು ಉಸಿರು: ಅದೇ ಉಷ್ಣತೆಯ ಸಿಹಿನೀರಿಗಿಂತ ಉಪ್ಪುನೀರು ಸುಮಾರು ಐದನೆಯ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಮನೆಯ ಇನ್ವರ್ಟರಿಗೆ ನೀರು ತಿರುಗಿಸುವ ಮೋಟಾರನ್ನು ಮಾತ್ರ ಜೋಡಿಸಿ.

ಮಗಳ ಮ್ಯಾಂಡರಿನ್ ಮೀನು. ಚಂದ ನಿಜ, ನೀಲಿಯ ಮೇಲೆ ಕಿತ್ತಳೆ ಗೆರೆಗಳ ಅಷ್ಟು ಚಂದದ ಮೀನು ಇನ್ನೊಂದಿಲ್ಲ. ತರಬೇಡಿ. ಅದು ಕಲ್ಲಿನ ಸಂದಿಗಳಲ್ಲಿ ಓಡಾಡುವ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಕೋಪೆಪಾಡ್ ಎಂಬ ಜೀವಿಗಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಹೆಕ್ಕಿ ತಿನ್ನುತ್ತದೆ. ಕಾಳು ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಹೊಸ ತೊಟ್ಟಿಯಲ್ಲಿ ಆ ಜೀವಿಗಳಿರುವುದಿಲ್ಲ, ಮೂರು ಅಡಿಯ ಹಳೆಯ ತೊಟ್ಟಿಯಲ್ಲೂ ಕೆಲವು ವಾರಗಳಲ್ಲಿ ಖಾಲಿಯಾಗುತ್ತವೆ. ಆಮೇಲೆ ಹೊಟ್ಟೆ ಬೆನ್ನಿಗಂಟಿ, ಬಣ್ಣ ಮಾಸದೆ, ಯಾರಿಗೂ ಗೊತ್ತಾಗದ ಹಾಗೆ ಹಸಿವಿನಿಂದ ಸಾಯುತ್ತದೆ. ಹವಳವನ್ನೇ ತಿನ್ನುವ ಬಟರ್‌ಫ್ಲೈ ಮೀನುಗಳ ಕಥೆಯೂ ಇದೇ. ನೀಲಿ ಟ್ಯಾಂಗ್ ಇನ್ನೊಮ್ಮೆ ಬೇಡ; ಒಂದು ಅಡಿಯವರೆಗೆ ಬೆಳೆಯುವ, ದಿನವಿಡೀ ಈಜುವ ಮೀನಿಗೆ ಆರು ಅಡಿಯ ತೊಟ್ಟಿ ಬೇಕು, ಬಿಳಿಚುಕ್ಕೆಗೆ ಎಲ್ಲರಿಗಿಂತ ಮೊದಲು ಬಲಿಯಾಗುವುದೂ ಅದೇ. 2016ರಲ್ಲಿ ಫ್ಲೋರಿಡಾದಲ್ಲಿ ಮೊದಲ ಬಾರಿಗೆ ಅದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಿದರು. ಆದರೂ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸಮುದ್ರದಿಂದ ಹಿಡಿದದ್ದೇ. ಕಡಲ್ಗುದುರೆ, ಹವಳ ಅಥವಾ ಹವಳದ ಕಲ್ಲು ಕೊಡುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಇವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಮಗಳಿಗೆ ಆ ಎರಡು ಕ್ಲೌನ್ ಮೀನುಗಳನ್ನೇ ಸರಿಯಾಗಿ ತೋರಿಸಿ. ಕ್ಲೌನ್ ಮೀನಿನ ಮರಿಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು, ಜೋರಿನದು ಹೆಣ್ಣಾಗುತ್ತದೆ. ಸಣ್ಣದು ಅದರ ಮುಂದೆ ಮೈ ನಡುಗಿಸಿ ಶರಣಾಗತಿ ತೋರಿಸುವುದನ್ನು ಗಮನಿಸಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಹೊಂದಿಕೊಂಡ ಜೋಡಿ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಡುತ್ತದೆ. ಗಂಡು ಮೀನು ಒಂದು ವಾರಕ್ಕೂ ಹೆಚ್ಚು ಕಾಲ ರೆಕ್ಕೆ ಬೀಸಿ ಅವಕ್ಕೆ ಗಾಳಿ ಹಾಕುತ್ತದೆ. ಈ ಮೀನಿನ ಮರಿ ಉತ್ಪಾದನೆಯ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದೆ. ಆದ್ದರಿಂದ ಕ್ಲೌನ್ ಮೀನನ್ನು ಎಂದು ಕೊಂಡರೂ ತೊಟ್ಟಿಯಲ್ಲೇ ಹುಟ್ಟಿದ್ದನ್ನೇ ಕೇಳಿ. ಅವು ಕಾಳು ತಿನ್ನುವುದನ್ನು ಮೊದಲೇ ಕಲಿತಿರುತ್ತವೆ.

ಆಹಾರ ಕಷ್ಟದ ಮಾತಲ್ಲ. ಒಳ್ಳೆಯ ಕಾಳು ದಿನಕ್ಕೆ ಎರಡು ಸಲ, ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೆರಡು ಸಲ ಮೀನು ಮಾರುಕಟ್ಟೆಯ ತಾಜಾ ಸಿಗಡಿಯನ್ನು ಸುಲಿದು, ಫ್ರೀಜರಿನಲ್ಲಿಟ್ಟು, ಸಣ್ಣಗೆ ಹೆಚ್ಚಿ ತೊಳೆದು ಕೊಡಬಹುದು.

ಕೊನೆಯದಾಗಿ ಬೆಂಗಳೂರಿನ ಬಸ್ಸು. ಮುಂದಿನ ಮೀನನ್ನು ಈ 76 ದಿನ ಮುಗಿದ ಮೇಲೆಯೇ ತರಿಸಿ, ಮಳೆ ಶುರುವಾಗಿ ಹವೆ ತಂಪಾಗಿರುತ್ತದೆ. ರಾತ್ರಿಯಿಡೀ ಚೀಲದಲ್ಲಿದ್ದ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಆ ನೀರಿನ ಪಿಎಚ್ ಇಳಿದಿರುತ್ತದೆ. ಅಮೋನಿಯಾ ತುಂಬಿದ್ದರೂ ವಿಷಕಾರಿಯಲ್ಲದ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಆಮೇಲೆ ಎರಡು ಗಂಟೆ ಹನಿಹನಿ ನೀರು ಬೆರೆಸುತ್ತಾ ಕೂತರೆ ಮೀನನ್ನು ಅದರದೇ ವಿಷದಲ್ಲಿ ಕೂರಿಸಿದಂತೆ. ಆದ್ದರಿಂದ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ ಉಷ್ಣತೆ ಸರಿಹೊಂದಿಸಿ. ಅಂಗಡಿಯ ನೀರಿನ ಉಪ್ಪಿನಂಶ ಎಷ್ಟು ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿ, ಹೊಸ ಮೀನನ್ನು ಮೊದಲು ಇಡುವ ಪ್ರತ್ಯೇಕ ತೊಟ್ಟಿಯ ನೀರನ್ನು ಅಷ್ಟಕ್ಕೇ ಹೊಂದಿಸಿಟ್ಟಿರಿ. ಚೀಲ ಬಿಚ್ಚಿದ ಕೂಡಲೇ ಒಂದು ಹನಿ ನೀರನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಒಂದೆರಡರ ವ್ಯತ್ಯಾಸವಿದ್ದರೆ ತಡಮಾಡದೆ ಮೀನನ್ನು ಡಬ್ಬಿಯಲ್ಲಿ ಎತ್ತಿ ಬಿಡಿ, ಚೀಲದ ನೀರನ್ನು ಚರಂಡಿಗೆ ಚೆಲ್ಲಿ. ಆ ಪ್ರತ್ಯೇಕ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಇಟ್ಟು, ಚುಕ್ಕೆಯಿಲ್ಲದೆ, ಚೆನ್ನಾಗಿ ತಿನ್ನುತ್ತಿದ್ದರೆ ಮಾತ್ರ ದೊಡ್ಡ ತೊಟ್ಟಿಗೆ. ನಾಳೆ ಅಮೋನಿಯಾ ಎಷ್ಟು ಬಂತು, ರಿಫ್ರ್ಯಾಕ್ಟೋಮೀಟರ್ ಎಷ್ಟು ತೋರಿಸಿತು ಎರಡನ್ನೂ ಬರೆದು ಕಳಿಸಿ. 44 ಎಂಬುದು ನನ್ನ ಲೆಕ್ಕ, ನಿಮ್ಮ ಅಳತೆ ಬೇರೆ ಬಂದರೆ ಟಬ್ಬಿನ ನೀರನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ.